ಚೇಳಿನ ಗುರುತಿನ ಸೈಲೆನ್ಸರ್

ಸೈಲೆನ್ಸರ್ ಮಾರಿದ ದುಡ್ಡಲ್ಲಿ ರೇಸ್ ಕಾರು ಕಟ್ಟಿದವನೊಬ್ಬನಿದ್ದ, ಗೊತ್ತಾ ರಾಯರೇ? ಕಾರ್ಲೋ ಅಬಾರ್ತ್ ಅಂತ. 1908ರ ನವೆಂಬರ್‌ನಲ್ಲಿ ವಿಯೆನ್ನಾದಲ್ಲಿ ಹುಟ್ಟಿದ, ಹೆಸರು ಮಾಡಿದ್ದು ಇಟಲಿಯಲ್ಲಿ. ಅಲ್ಲಿಯವರ ಲೆಕ್ಕದಲ್ಲಿ ಅವನದು ವೃಶ್ಚಿಕ ರಾಶಿ. ಅದಕ್ಕೇ ಕಂಪನಿಗೂ ಚೇಳಿನ ಗುರುತು ಇಟ್ಟುಬಿಟ್ಟ.

ಮೊದಲು ಮೋಟಾರ್‌ಸೈಕಲ್ ರೇಸಿನವನು. 1934ರಲ್ಲಿ ಸೈಡ್‌ಕಾರ್ ಗಾಡಿ ಹತ್ತಿ ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನ ಮೇಲೆ ಪಂದ್ಯ ಕಟ್ಟಿ ಗೆದ್ದ! ಆಮೇಲೆ ದೊಡ್ಡ ಅಪಘಾತವಾಗಿ ಅದನ್ನು ಬಿಡಬೇಕಾಯಿತು. ಯುದ್ಧ ಮುಗಿದ ಮೇಲೆ ಸೇರಿದ ರೇಸ್ ಕಾರು ಕಂಪನಿ ದಿವಾಳಿ ಎದ್ದಿತು. 1949ರಲ್ಲಿ ಸ್ವಂತದ್ದು ತೆರೆದ. ರೇಸು ದುಡ್ಡು ನುಂಗುವ ಕೆಲಸ. ಕಂಪನಿಯ ಅನ್ನಕ್ಕೆ ದಾರಿಯಾದದ್ದು ಸೈಲೆನ್ಸರ್.

ಹೊಗೆ ಬಿಡೋ ಕೊಳವೆಯಲ್ಲಿ ಏನ್ರೀ ಇದೆ ಅಂತೀರಿ ನೀವು. ಕೇಳಿ. ಉರಿದ ಗಾಳಿ ಪೂರ್ತಿ ಹೊರಗೆ ಹೋದರೆ ತಾನೇ ಎಂಜಿನ್‌ಗೆ ಹೊಸ ಗಾಳಿ ಬರೋದು? ಸಾಮಾನ್ಯ ಸೈಲೆನ್ಸರ್ ಒಳಗೆ ತಗಡಿನ ಅಡ್ಡಗೋಡೆಗಳಿರುತ್ತವೆ. ಹೊಗೆ ಅವಕ್ಕೆ ಬಡಿದು, ಸುತ್ತಿ ಸುತ್ತಿ ಹೊರಗೆ ಬರಬೇಕು. ಸದ್ದು ತಗ್ಗುತ್ತದೆ, ನಿಜ. ಆದರೆ ಆ ಹೊಗೆಯನ್ನು ನೂಕಲಿಕ್ಕೇ ಎಂಜಿನ್ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆಗಿನ ಇಟಲಿಯ ಜನರ ಕೈಗೆ ಎಟಕುತ್ತಿದ್ದದ್ದು ಪುಟ್ಟ ಪುಟ್ಟ ಫಿಯೆಟ್ ಕಾರುಗಳು. ಅವುಗಳಲ್ಲಿ ಟೊಪೊಲಿನೋ ಅನ್ನೋ ಕಾರಿನ ಎಂಜಿನ್ ಬರೀ 569 ಸಿಸಿ. ಅಂಥ ಗಾಡಿಯಲ್ಲಿ ಅರ್ಧ ಕುದುರೆಯ ಶಕ್ತಿ ಉಳಿದರೂ ಏರಿನಲ್ಲಿ ಗೊತ್ತಾಗುತ್ತದೆ. ಹೊಸ ಎಂಜಿನ್ ಹಾಕಿಸೋ ಶಕ್ತಿ ಯಾರಿಗಿತ್ತು? ಸೈಲೆನ್ಸರ್ ಆದರೆ ನಾಲ್ಕು ಬೋಲ್ಟ್ ಬಿಚ್ಚಿ ಬದಲಾಯಿಸಬಹುದು.

ಹೊಗೆಗೆ ದಾರಿ ಸರಾಗ ಮಾಡೋದು ಹೇಗೆ ಅಂದರೆ, ನಡುವೆ ನೇರ ಕೊಳವೆ, ಅದರ ಮೈತುಂಬ ತೂತು, ಸುತ್ತ ಗಾಜಿನ ನಾರು. ಹೊಗೆ ನೆಟ್ಟಗೆ ಹೋಗುತ್ತದೆ, ಸದ್ದು ತೂತಿನಿಂದ ನಾರಿನೊಳಗೆ ಹೊಕ್ಕು ಮೆತ್ತಗಾಗುತ್ತದೆ. ಎಂಜಿನ್ ಬದಲಾದರೆ ಕೊಳವೆಯ ಅಗಲ, ಉದ್ದ ಎಲ್ಲ ಬದಲಾಗಬೇಕು. ಅಬಾರ್ತ್ ಕಾರಖಾನೆ ಕಾರಿಗೊಂದು ಬಗೆಯಂತೆ ನೂರಾರು ಬಗೆ ಮಾಡಿತು. ಕಪ್ಪು ಮೈ, ಥಳಥಳಿಸೋ ಬಾಲ. 1962ರ ಹೊತ್ತಿಗೆ ವರ್ಷಕ್ಕೆ 2.5 ಲಕ್ಷಕ್ಕೂ ಹೆಚ್ಚು ಸೈಲೆನ್ಸರ್, ಅದರಲ್ಲಿ ಅರ್ಧಕ್ಕೂ ಮಿಕ್ಕಿ ಪರದೇಶಕ್ಕೆ.

ಆ ಸಂಪಾದನೆಯ ಮೇಲೆ ರೇಸು ನಡೆಯಿತು. 1965ರಲ್ಲಿ ಮೊಂಜಾ ರೇಸ್ ಟ್ರ್ಯಾಕ್‌ನಲ್ಲಿ ದಾಖಲೆ ಮಾಡಲು ಕಾರ್ಲೋ ತಾನೇ ಕೂತ. ಕಾರಿನೊಳಗೆ ಮೈ ಹಿಡಿಸಲಿ ಅಂತ ಸೇಬು ತಿಂದುಕೊಂಡಿದ್ದು 30 ಕಿಲೋ ಇಳಿಸಿದನಂತೆ, ಐವತ್ತಾರನೇ ವಯಸ್ಸಿನಲ್ಲಿ. ಅಂಥ ಹಟವಾದಿಯ ಕೈಯಿಂದ ಕಳಪೆ ಮಾಲು ಬರೋದು ಸಾಧ್ಯವೇ?

1971ರಲ್ಲಿ ಅಬಾರ್ತ್ ಕಂಪನಿಯನ್ನು ಫಿಯೆಟ್ ಕೊಂಡುಕೊಂಡಿತು. ಹೆಸರು ಉಳಿಯಿತು, 2015ರಲ್ಲಿ ಅಬಾರ್ತ್ 595 ನಮ್ಮ ದೇಶಕ್ಕೂ ಬಂತು. ಈಗ ಅದೇ ಹೆಸರಿನ ವಿದ್ಯುತ್ ಕಾರು ಬಂದಿದೆ, ಅದಕ್ಕೆ ಹೊಗೆಯೇ ಇಲ್ಲ. ಹಳೆ ಪೆಟ್ರೋಲ್ ಕಾರಿನ ಗುಡುಗನ್ನು ಸ್ಪೀಕರ್‌ನಲ್ಲಿ ಕೇಳಿಸುತ್ತಾರೆ. ನನಗದು ಒಪ್ಪಿಗೆಯಾಗಲಿಲ್ಲ ರಾಯರೇ. ಹೊಗೆ ಸರಾಗವಾಗಿ ಹರಿದಾಗ ತಾನಾಗಿ ಬಂದ ದನಿ ಅದು. ಸ್ಪೀಕರ್‌ಗೆ ಅಲ್ಲೇನು ಕೆಲಸ?

ನಮ್ಮ ಬೀದಿ ಹುಡುಗರ ತಪ್ಪೂ ಇದೇ, ಬರೀ ಸದ್ದಿನ ಹಿಂದೆ ಹೋಗೋದು. ಸೈಲೆನ್ಸರ್ ಒಳಗಿನದ್ದೆಲ್ಲ ಕಿತ್ತು ಬಿಸಾಡಿ, ಗಾಡಿಗೆ ಜೋರು ಬಂತು ಅಂತಾರೆ. ಬಂದದ್ದು ಸದ್ದು ಮಾತ್ರ. ಲೆಕ್ಕ ತಪ್ಪಿದರೆ ಎಳೆತ ಕಮ್ಮಿಯಾಗುತ್ತದೆ, ಮಲಗಿದ ಮಗು ಬೆಚ್ಚಿ ಏಳುತ್ತದೆ, ಪೊಲೀಸರು ಅದನ್ನು ಕಿತ್ತು ರೋಡ್ ರೋಲರ್ ಕೆಳಗೆ ಹಾಕುತ್ತಾರೆ. ನಿಮ್ಮ ಮಗ ಗಾಡಿ ಬಲ್ಲವನು, ಎಂಜಿನ್ ಬಗ್ಗೆ ಪ್ರೀತಿಯಿದೆ. ಅವನಿಗೆ ಹೇಳಿ, ಗೆಳೆಯರ ಸೈಲೆನ್ಸರ್ ಕೊಯ್ದುಕೊಡೋದು ಬೇಡ. ಅದರ ಒಳಗೆ ಏನಿದೆ, ಯಾಕಿದೆ ಅಂತ ಮೊದಲು ಕಲಿಯಲಿ.