ಅಡ್ವಾನ್ಸ್ ವಾಪಸಾತಿ ಮೀಮಾಂಸೆ

ಬೆಂಗಳೂರಿನ ಬಾಡಿಗೆ ಮನೆಯನ್ನು ಖಾಲಿ ಮಾಡುವ ಮುನ್ನ ತೊಳೆಯಬೇಕೆ, ಬೇಡವೆ? ತೊಳೆದರೆ ಅಡ್ವಾನ್ಸ್ ಪೂರ್ತಿ ಬರುತ್ತದೆಯೆ? ಬರದಿದ್ದರೆ ತೊಳೆದ ಕರ್ಮದ ಫಲ ಯಾರಿಗೆ ಸೇರುತ್ತದೆ? ಈ ಸಂಶಯಗಳ ನಿವಾರಣೆಗಾಗಿ ಪ್ರಸ್ತುತ ಗ್ರಂಥ ಆರಂಭವಾಗುತ್ತದೆ. ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕಷ್ಟೆ. ಇಲ್ಲಿ ಅಧಿಕಾರಿ ಎಂದರೆ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿದವನು. ವಿಷಯ, ಹತ್ತು ತಿಂಗಳ ಬಾಡಿಗೆಯಷ್ಟು ಮೊತ್ತ. ಪ್ರಯೋಜನ, ಅದರಲ್ಲಿ ಸಿಕ್ಕಷ್ಟು. ಸಂಬಂಧವೆಂಬುದು ಓನರಿಗೂ ಬಾಡಿಗೆದಾರನಿಗೂ ನಡುವಿನದು. ಬೀಗದ ಕೈ ವಾಪಸು ಕೊಡುವ ದಿನದವರೆಗೆ ಅದು ಚೆನ್ನಾಗಿಯೇ ಇರುತ್ತದೆ.

ಹನ್ನೊಂದು ತಿಂಗಳೇ ಏಕೆ ಎಂದು ಶಿಷ್ಯರು ಕೇಳುವುದುಂಟು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂರುವ ಪುಣ್ಯ ಬೇಡವೆಂದು ಇಬ್ಬರೂ ಒಂದು ತಿಂಗಳನ್ನು ತ್ಯಾಗ ಮಾಡುತ್ತಾರೆ. ಹೀಗಾಗಿ ಆರು ವರ್ಷ ಒಂದೇ ಮನೆಯಲ್ಲಿದ್ದವನು ಕಾಗದದ ಮೇಲೆ ಮತ್ತೆ ಮತ್ತೆ ಸತ್ತು ಹುಟ್ಟುತ್ತಿರುತ್ತಾನೆ. ಬೌದ್ಧರ ಕ್ಷಣಿಕವಾದದಲ್ಲಿ ಎಲ್ಲವೂ ಕ್ಷಣಕ್ಷಣಕ್ಕೂ ನಾಶವಾದರೆ ನಮ್ಮ ನಗರ ಆ ಕ್ಷಣವನ್ನು ಹನ್ನೊಂದು ತಿಂಗಳಿಗೆ ಹಿಗ್ಗಿಸಿದೆ. ಪ್ರತಿ ಜನ್ಮದಲ್ಲೂ ಬಾಡಿಗೆ ಏರುತ್ತದೆ. ಅಡ್ವಾನ್ಸ್ ಮಾತ್ರ ಬಡ್ಡಿಯ ಸೋಂಕಿಲ್ಲದೆ, ನಿರ್ವಿಕಾರವಾಗಿ, ಕೊಟ್ಟ ದಿನದಷ್ಟೇ ಇರುತ್ತದೆ. ಇದನ್ನು ನಿತ್ಯವಸ್ತು ಎಂದು ಕರೆಯಲು ಅಡ್ಡಿಯಿಲ್ಲ.

ಈಗ ಮೊಳೆಯ ವಿಚಾರ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವರಲ್ಲಿ ಬಹುಮಂದಿ ಬಾಡಿಗೆ ಮನೆಯಲ್ಲಿದ್ದಿರಬೇಕೆಂದು ನನ್ನ ಊಹೆ. ಕ್ಯಾಲೆಂಡರಿಗೆ ಮೊಳೆ ಹೊಡೆಯುವ ಮುಂಚೆ ಗೋಡೆಯಲ್ಲಿ ತೂತು ಇರಲಿಲ್ಲ: ಅದು ಪ್ರಾಗಭಾವ. ಕಿತ್ತ ಮೇಲೆ ಮೊಳೆ ಇಲ್ಲ, ತೂತು ಮಾತ್ರ ಇದೆ: ಮೊಳೆಯ ಪ್ರಧ್ವಂಸಾಭಾವ. ಮೊಳೆಯೇ ತೂತಲ್ಲ, ತೂತೇ ಮೊಳೆಯಲ್ಲ ಎಂಬುದು ಅನ್ಯೋನ್ಯಾಭಾವ. ಮನೆಗೆ ಬಂದ ದಿನವೇ ಅಲ್ಲಿದ್ದ ಮಳೆನೀರಿನ ಸೀಪೇಜ್ ಕಲೆಯ ಬಗ್ಗೆ ಓನರ್ ಮನಸ್ಸಿನಲ್ಲಿ ಭೂತ, ಭವಿಷ್ಯತ್, ವರ್ತಮಾನ ಮೂರರಲ್ಲೂ ಯಾವ ನೆನಪೂ ಇರುವುದಿಲ್ಲ. ಅತ್ಯಂತಾಭಾವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರ್ಕಗ್ರಂಥಗಳಲ್ಲಿಲ್ಲ. ತೂತು ಮುಚ್ಚಲು ಪ್ರಾಚೀನರು ವೈಟ್ ಸಿಮೆಂಟ್ ಹೇಳಿದ್ದಾರೆ, ನವ್ಯರು ಟೂತ್‌ಪೇಸ್ಟ್. ಎರಡನೆಯದರಲ್ಲಿ ಗೋಡೆ ಒಂದು ವಾರ ಪುದೀನ ಪರಿಮಳ ಬೀರುವುದರಿಂದ ರಹಸ್ಯ ಉಳಿಯದು.

ಅಡುಗೆಮನೆ ಈ ಶಾಸ್ತ್ರದ ಕುರುಕ್ಷೇತ್ರ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದು ತರ್ಕದ ಮೊದಲ ಪಾಠ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯ ಮೇಲೆ ಕೈಯಿಟ್ಟು, ಅಂಟಿದ ಜಿಡ್ಡನ್ನು ಬೆರಳಲ್ಲಿ ತಿರುಗಿಸಿ ನೋಡಿ, ಈ ಮನೆಯಲ್ಲಿ ವಾರಕ್ಕೆ ಎಷ್ಟು ಸಲ ಪೂರಿ ಕರಿದರೆಂದು ಊಹಿಸುವುದು ಓನರ್ ಆಂಟಿಯರ ಪಾಠ. ಆ ಜಿಡ್ಡು ಬಿಡಬೇಕಾದರೆ ಬಿಸಿನೀರು, ಪಾತ್ರೆ ಸೋಪು, ಅಡುಗೆ ಸೋಡಾ ಮತ್ತು ಒಂದು ಭಾನುವಾರ ಬೇಕು. ಅರಿಶಿನದ ಕಲೆಯ ವಿಷಯದಲ್ಲಿ ಉಜ್ಜುವವನು ಅವಿವೇಕಿ: ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಆದರೆ ಬೆಂಗಳೂರಿನ ಔಟ್‌ಹೌಸ್ ಅಡುಗೆಕಟ್ಟೆಯ ಮೇಲೆ ಬಿಸಿಲು ಬೀಳುವುದೆಂದರೆ ಪಕ್ಕದ ಸೈಟಿನಲ್ಲಿ ಇನ್ನೂ ಕಟ್ಟಡ ಎದ್ದಿಲ್ಲವೆಂದರ್ಥ. ಅಂಥ ಮನೆಯನ್ನು ಯಾರಾದರೂ ಏಕೆ ಬಿಟ್ಟಾರು?

ಬಚ್ಚಲಿನಲ್ಲಿ ನೀರಿನ ಕುಲಗೋತ್ರ ಮುಖ್ಯ. ಕಾವೇರಿ ನೀರು ಬರುವ ಮನೆಯ ನಲ್ಲಿ ಒಂದು ಸಲ ಒರೆಸಿದರೆ ಹೊಳೆಯುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಸುಣ್ಣದ ಅಂಶ ಕಟ್ಟಿಕೊಂಡು ಶವರ್ ತಲೆಯ ತೂತುಗಳೆಲ್ಲ ಮುಚ್ಚಿ, ನೀರು ನೆಟ್ಟಗೆ ಬೀಳುವ ಬದಲು ಪಕ್ಕದ ಗೋಡೆಗೆ ಅಭಿಷೇಕ ಮಾಡುತ್ತದೆ. ಈ ಬಿಳಿ ಪದರ ನಿಂಬೆಹುಳಿಗೆ, ವಿನೆಗರ್‌ಗೆ ಕರಗುತ್ತದೆ. ಅವಸರಪಟ್ಟು ಆಸಿಡ್ ಸುರಿಯುವವರಿದ್ದಾರೆ; ನೆಲ ಮಾರ್ಬಲ್‌ನದಾದರೆ ಆಸಿಡ್ ಕಲೆಯನ್ನೂ ನೆಲವನ್ನೂ ಒಂದೇ ಸಮಭಾವದಿಂದ ತಿನ್ನುತ್ತದೆ, ಏಕೆಂದರೆ ಎರಡೂ ಅದಕ್ಕೆ ಸುಣ್ಣವೇ. ಇನ್ನು ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇದು ಅಣಕವಲ್ಲ, ದಯವಿಟ್ಟು ಬೆರೆಸಬೇಡಿ. ಅಡ್ವಾನ್ಸ್ ವಾಪಸು ಪಡೆಯಲು ಬಾಡಿಗೆದಾರ ಬದುಕಿರುವುದು ಅವಶ್ಯಕ.

ದೇವರ ಗೂಡಿನ ಮಸಿಯ ಬಗ್ಗೆ ಮಾತ್ರ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ದೀಪ ಹಚ್ಚಿ ಹಚ್ಚಿ ಮೇಲಿನ ಕಲ್ಲು ಕಪ್ಪಾಗಿದೆ. ಅದನ್ನು ಗಲೀಜು ಎಂದರೆ ಓನರಿಗೆ ದೋಷ. ಅನ್ನದೆ ಬಿಟ್ಟರೆ ಪೇಂಟರಿಗೆ ಒಂದು ಕೋಟ್ ಜಾಸ್ತಿ. ನಾನು ಕಂಡಂತೆ ಇಂಥ ಸಂದರ್ಭದಲ್ಲಿ ಓನರ್‌ಗಳು ಮೊದಲು ಕೈಮುಗಿದು ಆಮೇಲೆ ಲೆಕ್ಕಕ್ಕೆ ಸೇರಿಸುತ್ತಾರೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಬಾಡಿಗೆದಾರ ವಾದಿಸುತ್ತಾನೆ: 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದಂತೆ, ಪಡೆದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಮನೆ ಒಪ್ಪಿಸುವುದು ನನ್ನ ಹೊಣೆ ಹೌದು, ಆದರೆ ಸಹಜ ಬಳಕೆಯ ಸವೆತಕ್ಕೆ ನಾನು ಹೊಣೆಯಲ್ಲ. ಮನುಷ್ಯ ವಾಸಿಸಿದರೆ ಗೋಡೆ ಮಾಸುವುದು ಸಹಜವಲ್ಲವೆ? ಮೇಲಾಗಿ 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ, ಗೋಡೆಗೆ ಸುಣ್ಣ ಬಳಿಸುವುದನ್ನು ಮಾಲೀಕರ ಪಾಲಿಗೆ ಹಾಕುತ್ತದೆ.

ವಾದ ಸುಂದರವಾಗಿದೆ. ಸಿದ್ಧಾಂತ ಹೀಗಿದೆ: “ಪೇಂಟಿಂಗ್‌ಗೆ ಒಂದು ತಿಂಗಳು ಹಿಡ್ಕೋತೀವಿ.” ಮಾದರಿ ಕಾಯ್ದೆ ಮಾದರಿಯಷ್ಟೇ, ರಾಜ್ಯ ತನ್ನದಾಗಿಸಿಕೊಳ್ಳುವವರೆಗೆ ಅದು ಶೋಕೇಸಿನ ಸೀರೆ. ಅಗ್ರಿಮೆಂಟಿನ ಕೊನೆಯ ಪುಟದಲ್ಲಿ ಒಂದು ತಿಂಗಳ ಮಾತು ಮೊದಲೇ ಟೈಪಾಗಿರುತ್ತದೆ, ಬಾಡಿಗೆದಾರ ಅದರ ಕೆಳಗೆ ಸಹಿ ಹಾಕಿರುತ್ತಾನೆ. ಅಂದರೆ ಇಪ್ಪತ್ತು ಸಾವಿರ ಬಾಡಿಗೆಯ ಮನೆಗೆ ಎರಡು ಲಕ್ಷ ಕೊಟ್ಟವನು ಗೋಡೆಯನ್ನು ನಾಲಿಗೆಯಿಂದ ನೆಕ್ಕಿದಂತೆ ಶುಚಿ ಮಾಡಿದರೂ ಇಪ್ಪತ್ತು ಸಾವಿರ ಹೋಗುತ್ತದೆ, ಮಗು ಹಾಲ್ ತುಂಬ ಕ್ರೇಯಾನ್‌ನಲ್ಲಿ ಆನೆ ಬರೆದರೂ ಬಹುಶಃ ಅಷ್ಟೇ ಹೋಗುತ್ತದೆ. ಹಾಗಾದರೆ ತೊಳೆಯುವುದು ನಿಷ್ಕಾಮ ಕರ್ಮವೆ? ಅಲ್ಲ. ಪೇಂಟಿಂಗಿನ ಆಚೆಗೆ ಮುರಿದ ಗೀಜರ್ ಸ್ವಿಚ್ಚು, ಸಡಿಲ ಚಿಲಕ, ಕಟ್ಟಿಕೊಂಡ ಸಿಂಕು ಇವುಗಳ ಉಪಪಟ್ಟಿಯೊಂದು ಬೆಳೆಯದಂತೆ ತಡೆಯುವುದೇ ಪೊರಕೆಯ ನಿಜವಾದ ಫಲ.

ಪರಿಶೀಲನೆಯ ದಿನ ಪ್ರಮಾಣಗಳ ಯುದ್ಧ. ಬಾಡಿಗೆದಾರನ ಕೈಯಲ್ಲಿ ಮನೆಗೆ ಬಂದ ದಿನ ಮೊಬೈಲಿನಲ್ಲಿ ತೆಗೆದ ಫೋಟೋ, ಅದು ಪ್ರತ್ಯಕ್ಷ. ಓನರ್ ಬಳಿ “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಶಬ್ದ ಪ್ರಮಾಣ. ಶಬ್ದವೇ ಗೆಲ್ಲುವುದು ವಾಡಿಕೆ, ಚೆಕ್‌ಬುಕ್ ಅದರ ಪಕ್ಕದಲ್ಲಿರುವುದರಿಂದ. “ನೀವು ನಮ್ಮನೇಲಿ ಮಗನ ಥರ ಇದ್ರಿ” ಎಂದು ಆಂಟಿ ಹೇಳಿದ ಕೂಡಲೇ ಕಡಿತ ಎರಡು ಸಾವಿರ ಹೆಚ್ಚಿತೆಂದು ತಿಳಿಯಬೇಕು. ಮಗನ ಹತ್ತಿರ ಯಾರೂ ರಸೀದಿ ಕೇಳುವುದಿಲ್ಲ, ಕೊಡುವುದೂ ಇಲ್ಲ.

ಇಷ್ಟೆಲ್ಲ ತೊಳೆದು, ವಾದಿಸಿ, ಉಳಿದ ಮೊತ್ತ ನಿಗದಿಯಾದ ಮೇಲೂ ಹಣ ಕೈಗೆ ಬರದಿರುವುದುಂಟು. ಇದೇ ಗ್ರಂಥದ ಹೃದಯಭಾಗ. ಹಣ ಓನರ್ ಬಳಿ ಇಲ್ಲ. ಅದು ಎಂದೋ ಎರಡನೇ ಮಹಡಿಯಾಗಿ ಮೇಲೆ ನಿಂತಿದೆ. ಅಡ್ವಾನ್ಸ್ ಕೇಳಲು ಬಂದವನು ಅದರ ನೆರಳಿನಲ್ಲೇ ಸ್ಕೂಟರ್ ನಿಲ್ಲಿಸಿರುತ್ತಾನೆ. ಹಳಬನಿಗೆ ಕೊಡುವುದು ಹೊಸಬನ ಅಡ್ವಾನ್ಸಿನಿಂದ. ಆದ್ದರಿಂದ ಹಣದ ವಾಪಸಾತಿಗೂ ಬಚ್ಚಲಿನ ಹೊಳಪಿಗೂ ಇರುವ ನಂಟಿಗಿಂತ ಟು-ಲೆಟ್ ಬೋರ್ಡಿಗೂ ಅದಕ್ಕೂ ಇರುವ ನಂಟು ಗಟ್ಟಿ. ಆಷಾಢದಲ್ಲಿ ಖಾಲಿ ಮಾಡಿದವನ ಗತಿಯೇನು? ಆ ತಿಂಗಳು ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಅವನು ಕನ್ನಡಿಯಂತೆ ತೊಳೆದ ಮನೆಯ ಕೀ ಕೊಟ್ಟು, ಶ್ರಾವಣದವರೆಗೆ ಫೋನ್ ಮಾಡುತ್ತಿರಬೇಕು.

ಅಷ್ಟರಲ್ಲಿ ಅವನು ಹೋಗಿ ಸೇರಬೇಕಾದ ಮನೆಯ ಓನರ್ ಅಡ್ವಾನ್ಸ್ ಇಲ್ಲದೆ ಕೀ ಕೊಡುವುದಿಲ್ಲ. ಹೊಸ ಕೀ ಸಿಗದೆ ಹಳೆ ಮನೆ ಬಿಡಲಾಗದು, ಹಳೆ ಮನೆ ಬಿಡದೆ ಅಡ್ವಾನ್ಸ್ ಬಾರದು, ಅಡ್ವಾನ್ಸ್ ಬಾರದೆ ಹೊಸ ಕೀ ಸಿಗದು. ತಾರ್ಕಿಕರು ಇದನ್ನು ಚಕ್ರಕ ದೋಷವೆಂದು ಕರೆದು, ಇಂಥ ವಾದ ನಿಲ್ಲದು ಎಂದು ತಳ್ಳಿಹಾಕುತ್ತಾರೆ. ಆದರೂ ಬೆಂಗಳೂರಿನಲ್ಲಿ ಪ್ರತಿ ತಿಂಗಳ ಕೊನೆಯಲ್ಲಿ ಹಾಸಿಗೆ, ಗ್ಯಾಸ್ ಸಿಲಿಂಡರ್, ತುಳಸಿ ಕುಂಡ ಹೊತ್ತ ಟಾಟಾ ಏಸ್‌ಗಳು ಓಡುತ್ತಲೇ ಇರುತ್ತವೆ. ಇದು ಹೇಗೆ ಸಾಧ್ಯವೆಂದು ಹುಡುಕಿದಾಗ ಸಿಕ್ಕ ಉತ್ತರ ಎರಡೇ: ಹೆಂಡತಿಯ ಬಳೆಯ ಮೇಲೆ ಗೋಲ್ಡ್ ಲೋನು, ಇಲ್ಲವೆ ಅವಳ ತಮ್ಮ. ಭಾವಮೈದನ ಕೈಸಾಲವನ್ನು ಯಾವಾಗ, ಯಾವ ಕ್ರಮದಲ್ಲಿ ತೀರಿಸಬೇಕೆಂಬ ವಿಧಿಯನ್ನು ಹಿಂದಿನ ಯಾವ ಶಾಸ್ತ್ರಕಾರನೂ ಚರ್ಚಿಸಿಲ್ಲ. ಅವರಿಗೂ ಭಾವಮೈದಂದಿರಿದ್ದರು.