ಅಮ್ಮನ ಪಾಲಿಗೆ ಬಂದದ್ದು

ಮೆಕ್ಸಿಕೋದವರ ಸ್ಪ್ಯಾನಿಷ್‌ನಲ್ಲಿ ಹೊಗಳಿಕೆ ಅಪ್ಪನಿಗೆ, ಚಾಕರಿಯೆಲ್ಲ ಅಮ್ಮನಿಗೆ. ಏನಾದರೂ ಸೊಗಸಾಗಿದ್ದರೆ ‘ಕೆ ಪಾದ್ರೆ!’ ಎನ್ನುತ್ತಾರೆ. ಪದ ಬಿಡಿಸಿದರೆ ‘ಎಂಥಾ ಅಪ್ಪ!’, ಭಾವ ‘ಭಲೇ!’. ಇನ್ನೂ ಸೊಗಸಾಗಿದ್ದರೆ ‘ಪಾದ್ರಿಸಿಮೊ’. ಅಲ್ಲಿಗೆ ಅಪ್ಪನ ಡ್ಯೂಟಿ ಮುಗಿಯಿತು. ಈತ ನಮಗೂ ಹೊಸಬನಲ್ಲ. ಪೋರ್ಚುಗೀಸರ ಹಡಗು ಹತ್ತಿ ಬಂದು, ನಿಲುವಂಗಿ ತೊಟ್ಟು, ಕನ್ನಡದಲ್ಲಿ ಪಾದ್ರಿಯಾಗಿ ನೆಲೆ ನಿಂತವನು ಇವನೇ. ಅಮ್ಮ, ಅಂದರೆ ‘ಮಾದ್ರೆ’, ಹಡಗು ಹತ್ತಲಿಲ್ಲ. ಮನೆಯಲ್ಲಿ ಕೆಲಸ ಬಿದ್ದಿತ್ತು.

ಎಂಥ ಕೆಲಸ ಅಂತ ಗ್ವಾದಲಹಾರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ ಒಪ್ಪಿಸುತ್ತಾನೆ. ಹೆಸರು ನೆನಪಾಗದ ಸಾಮಾನಿಗೆ ನಾವು ‘ಅದೇ, ಅದು’ ಎಂದು ಕೈಯಾಡಿಸುತ್ತೇವಲ್ಲ, ಅಲ್ಲಿ ‘ಆ ಮಾದ್ರೆ ಇತ್ತ ಕೊಡು’. ಚಾರ್ಜರೂ ಮಾದ್ರೆ, ಸ್ಕ್ರೂಡ್ರೈವರೂ ಮಾದ್ರೆ. ಸುತರಾಂ ಒಲ್ಲೆ ಎನ್ನಲು ‘ನಿ ಮಾದ್ರೆಸ್’. ನನಗೇನಂತೆ ಎನ್ನಲು ‘ಮೆ ವಾಲೆ ಮಾದ್ರೆ’. ತಲೆ ಚಿಟ್ಟು ಹಿಡಿದರೆ ‘ಆಸ್ತಾ ಲಾ ಮಾದ್ರೆ’. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಅದೇ, ಕಂಠಪೂರ್ತಿ ಕುಡಿದವನಿಗೂ ಅದೇ. ಬಲವಾದ ಏಟು ‘ಮಾದ್ರಾಸೊ’. (ಚೆನ್ನೈನವರು ಬೇಸರಿಸಬಾರದು.) ರಂಪ ರಾದ್ಧಾಂತ ‘ದೆಸ್‌ಮಾದ್ರೆ’. ಇದೊಂದಕ್ಕೆ ಮಾತ್ರ ಕೊಂಚ ಮರ್ಯಾದಸ್ಥ ಹಿನ್ನೆಲೆಯುಂಟು: ನದಿಯ ಪಾತ್ರಕ್ಕೂ ಸ್ಪ್ಯಾನಿಷ್‌ನಲ್ಲಿ ಮಾದ್ರೆ ಎಂದೇ ಹೆಸರು, ಅದನ್ನು ಮೀರಿ ಉಕ್ಕಿದ ನೀರು ಮಾಡುವ ಅವಾಂತರವೇ ದೆಸ್‌ಮಾದ್ರೆ.

ಇವೆಲ್ಲದರಪ್ಪನಂಥದ್ದು ‘ಪೋಕಾ ಮಾದ್ರೆ’. ನೋಡಿ, ದೊಡ್ಡದು ಬಂದ ಕೂಡಲೇ ನಾವೂ ಅಪ್ಪನನ್ನೇ ಕರೆದೆವು. ಅಮ್ಮನನ್ನು ಕರೆಯುವುದು ಕಾಲ್ಬೆರಳು ಹೊಸಿಲಿಗೆ ತಾಗಿದಾಗ. ಇರಲಿ. ಪೋಕಾ ಅಂದರೆ ಕೊಂಚ. ‘ಎಷ್ಟು ಕಡಿಮೆ ತಾಯಿ ನಿನಗೆ!’ ಎಂದರೆ ನಾಚಿಕೆಗೆಟ್ಟವನೇ ಎಂದು. ಅದೇ ಪೋಕಾ ಮಾದ್ರೆಯನ್ನು ಹಾಡಿಗೋ ಊಟಕ್ಕೋ ಹೇಳಿದರೆ ಅದ್ಭುತ ಎಂದು! ತಾಯಿ ಕಡಿಮೆಯಾದರೂ ಅದ್ಭುತ, ‘ಆ ತೋದಾ ಮಾದ್ರೆ’ ಎಂದು ಪೂರಾ ತಾಯಿ ಇದ್ದರೂ ಅದ್ಭುತ. ಸೊಸೆಯಂದಿರನ್ನು ಕೇಳದೆ ಮಾಡಿದ ವ್ಯಾಕರಣವಿರಬೇಕು.

ಇಷ್ಟೆಲ್ಲ ಆದಮೇಲೆ ನಿಜವಾದ ತಾಯಿಗೆ ಆ ಪದ ಉಳಿಯುವುದೆಲ್ಲಿ? ಯೋಗಕ್ಷೇಮ ಕೇಳುವವರು ‘ನಿನ್ನ ಮಮಾ ಹೇಗಿದ್ದಾರೆ’ ಎನ್ನಬೇಕು. ‘ತು ಮಾದ್ರೆ’ ಎಂದು ಬಾಯಿ ತೆರೆದರೆ ಬೈಗುಳ ಶುರುವಾಯಿತೆಂದೇ ಎದುರಿನವನು ತೋಳೇರಿಸುತ್ತಾನೆ. ಆ ಬೈಗುಳದ ಕ್ರಿಯಾಪದದ ಮೇಲೆ ಅಲ್ಲಿನ ಕವಿ ಒಕ್ಟಾವಿಯೊ ಪಾಜ್ 1950ರ ತಮ್ಮ ಪುಸ್ತಕದಲ್ಲಿ ಪುಟಗಟ್ಟಲೆ ಬರೆದರು. ಅದರಿಂದ ಅವರಿಗೇನೂ ಬಾಧಕವಾಗಲಿಲ್ಲ. 1962ರಲ್ಲಿ ರಾಯಭಾರಿಯಾಗಿ ದಿಲ್ಲಿಗೆ ಬಂದರು, 1990ರಲ್ಲಿ ನೊಬೆಲ್ ಪಡೆದರು. ನಾನು ಮಾತ್ರ ಅದನ್ನಿಲ್ಲಿ ಬರೆಯಲಾರೆ. ಸಂಪಾದಕರಿಗೂ ತಾಯಿಯಿದ್ದಾರೆ. ಡ್ರೈವರುಗಳಿಗೆ ಪದವೂ ಬೇಕಿಲ್ಲ, ಐದು ಅಕ್ಷರಕ್ಕೆ ಐದು ಸಲ ಹಾರ್ನ್ ಒತ್ತಿದರೆ ಸಾಕು.

ಹಾಗಂತ ಭಕ್ತಿಗೆ ಕೊರತೆಯಿಲ್ಲ. 1922ರಲ್ಲಿ ಎಕ್ಸೆಲ್ಸಿಯೊರ್ ಪತ್ರಿಕೆ ಶುರುಮಾಡಿದ ತಾಯಂದಿರ ದಿನ ಇಂದಿಗೂ ಮೇ 10ಕ್ಕೇ, ವಾರ ಯಾವುದಾದರೂ ಸರಿ. ಮೆಕ್ಸಿಕೋ ಸಿಟಿಯಲ್ಲಿ ತಾಯಿಗೊಂದು ಸ್ಮಾರಕವನ್ನೂ 1949ರಲ್ಲಿ ಅದೇ ದಿನ ತೆರೆದರು. ಯಾರನ್ನಾದರೂ ಚಚ್ಚಿ ಹಾಕುವುದಕ್ಕೆ ‘ಮಾದ್ರೆ ಮುರಿಯುವುದು’ ಎನ್ನುವ ಜನರ ಊರಲ್ಲಿ, 2017ರ ಸೆಪ್ಟೆಂಬರಿನ ಭೂಕಂಪಕ್ಕೆ ಆ ಕಲ್ಲಿನ ತಾಯಿ ಉರುಳಿ ನಿಜವಾಗಿಯೂ ಮುರಿದಳು. ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ಮೇ 10ರಂದು ಹೋಟೆಲುಗಳೆಲ್ಲ ಆಸ್ತಾ ಲಾ ಮಾದ್ರೆ, ರಸ್ತೆಗಳೂ ಅಷ್ಟೇ. ಹೆತ್ತವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊಟಕ್ಕೆ ಹೊರಟ ಮಗ, ಮುಂದಿನ ಕಾರಿನವನ ತಾಯಿಗೆ ಐದು ಸಲ ಹಾರ್ನ್ ಒತ್ತುತ್ತಾನಂತೆ. ಆ ಕಾರಿನಲ್ಲೂ ಒಬ್ಬ ತಾಯಿ ಹೊಸ ಉಡುಪು ತೊಟ್ಟು ಕೂತಿರುತ್ತಾಳೆ.

“ಪಾಪ, ಆಯಮ್ಮ ಏನೂ ಅನ್ನಲ್ವೇನೋ?” ಎಂದು ಕೇಳಿದೆ.

“ಅಂತಾರೆ ಮಾವ. ‘ನೀನ್ಯಾಕೋ ಸುಮ್ನೆ ಕೂತಿದ್ದೀಯ, ತಿರುಗಿ ಒತ್ತು’ ಅಂತಾರೆ.”