ಮುದ್ದೆ, ಬಸ್ಸಾರು ಮತ್ತು ಆಲಾಪನೆ

ಅಂಬಾಜಿದುರ್ಗದ ಆಸುಪಾಸಿನ ಚಿಂತಾಮಣಿ ಸೀಮೆಯಲ್ಲಿ, ರಜೆಯ ದಿನ ಮನೆಯಲ್ಲೇ ಉಳಿದು ಸಂಗೀತ ಕೇಳುವ ಗೃಹಸ್ಥನನ್ನು ಸೋಮಾರಿಯೆನ್ನುವುದು ಶಾಸ್ತ್ರಸಮ್ಮತವಲ್ಲ; ಏಕೆಂದರೆ ಬಳೆ ಮಾರುತ್ತಿದ್ದು ಯೋಗಿಯಾಗಿ, ತೆಲುಗು ಕನ್ನಡಗಳೆರಡರಲ್ಲೂ ಕೀರ್ತನೆ ರಚಿಸಿದ ತಾತಯ್ಯನವರ ಕೈವಾರ ಅದೇ ಸೀಮೆಯಲ್ಲಿದ್ದು, ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುವಾಗ, ಮನೆಯಲ್ಲಿ ಮೂರು ಗಂಟೆ ಕೇಳಿ ಮಲಗುವವನನ್ನು ಮಿತವ್ಯಯಿಯೆಂದೇ ಗಣಿಸಬೇಕಾಗುತ್ತದೆ.

ಇಂಥ ಶ್ರವಣಕ್ಕೆ ಒಪ್ಪುವ ಊಟ ಬಸ್ಸಾರು ಮತ್ತು ರಾಗಿಮುದ್ದೆ. ಸೊಪ್ಪು ಬೇಳೆಗಳನ್ನು ಬೇಯಿಸಿ ಬಸಿದ ಕಟ್ಟಿಗೆ ರುಬ್ಬಿದ ಖಾರ ಬೆರೆಸಿದರೆ ಬಸ್ಸಾರು, ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ, ಸಾಹಿತ್ಯ ತಾಳಗಳ ಹಂಗಿಲ್ಲದೆ ರಾಗದ ಸ್ವರೂಪವನ್ನು ಮೆಲ್ಲನೆ ಬಿಡಿಸುವ ಆಲಾಪನೆಗೆ ಸದ್ದಿನ ಅಡ್ಡಿಯಿಲ್ಲ. ಹಪ್ಪಳವು ಮಾತ್ರ ತನಿ ಆವರ್ತನದವರೆಗೆ, ಅಂದರೆ ಮೃದಂಗ ಮೊದಲಾದ ಲಯವಾದ್ಯಗಳಷ್ಟೇ ನುಡಿಯುವ ಘಟ್ಟದವರೆಗೆ, ಕಾಯುವುದು ಲೇಸು.

ಕುಕ್ಕರಿನ ಸೀಟಿ ಯಾವ ಶ್ರುತಿಗೂ ಸೇರದೆಂಬುದು ನಿಜ. ಆದರೆ ಅದು ಕೂಗಿದೊಡನೆ ತೂಕಡಿಸುತ್ತಿದ್ದ ರಸಿಕನು ಬೆಚ್ಚಿ ಎದ್ದು 'ಭೇಷ್' ಎನ್ನುತ್ತಾನಾದ್ದರಿಂದ, ಆ ಪ್ರಶಂಸೆ ಸಲ್ಲಬೇಕಾದುದು ವಿದ್ವಾಂಸರಿಗೋ ಅಡುಗೆಮನೆಗೋ ಎಂಬ ವಿಷಯದಲ್ಲಿ ಮನೆಯವರೊಳಗೆ ಏಕಾಭಿಪ್ರಾಯವಿಲ್ಲ.